ಸಣ್ಣವರ ಪಾಲಿನ ಶಾಸನ

ಡಿಗ್ರಿ ಮುಗಿಸಿ ಬೆಂಗಳೂರಿನ ಬಸ್ಸು ಹತ್ತಿದ ತಮ್ಮಂದಿರೇ, ತಂಗಿಯರೇ, ಹಬ್ಬಕ್ಕೆ ಊರಿಗೆ ಬಂದಾಗ ನೀವು ಈ ಹಳೆಯ ಮೇಷ್ಟ್ರ ಬಳಿ ಹೇಳಿಕೊಳ್ಳುವುದು ಹೆಚ್ಚುಕಡಿಮೆ ಒಂದೇ ಸಂಗತಿ. ಪಿಜಿಯಲ್ಲೋ ಆಫೀಸಿನಲ್ಲೋ ಯಾರಾದರೂ ‘ಯಾವೂರು?’ ಅಂದರೆ ಮೊಳಕಾಲ್ಮುರು ಎಂಬ ಹೆಸರು ನಾಲಿಗೆಗೆ ಬರುವುದಿಲ್ಲ. ‘ಚಿತ್ರದುರ್ಗ ಸೈಡು’ ಎನ್ನುತ್ತೀರಿ. ಇಲ್ಲವೇ ‘ಬಳ್ಳಾರಿ ಹತ್ತಿರ’ ಎಂದು ಮಾತು ತೇಲಿಸುತ್ತೀರಿ. ಪರಶುರಾಂಪುರದ ಹುಡುಗ, ನಾಯಕನಹಟ್ಟಿಯ ಹುಡುಗಿ ಮಾತಾಡುವಾಗ ‘ಐತೆ’, ‘ಬರ್ತೈತೆ’ ಎಲ್ಲಿ ನುಸುಳಿಬಿಡುತ್ತದೋ ಎಂದು ಬಾಯಿ ಬಿಗಿ ಹಿಡಿಯುತ್ತಾರೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಇಂಟರ್‌ವ್ಯೂನಲ್ಲಿ ಇಂಗ್ಲಿಷು; ಮೂರರಲ್ಲಿ ಯಾವುದೂ ನನ್ನದಲ್ಲ ಎನ್ನುವ ಹಾಗಾಗಿದೆ ಎಂದು ಒಬ್ಬಳು ಹೇಳಿದ್ದು ನನ್ನನ್ನು ಬಹಳ ದಿನ ಕಾಡಿತು. ಇನ್ನು ಮುಂದೆ ನಿಮ್ಮೆಲ್ಲರನ್ನೂ ‘ನೀನು’ ಎಂದೇ ಕರೆಯುತ್ತೇನೆ. ಪಾಠ ಹೇಳಿದವನಿಗೆ ಅಷ್ಟು ಸಲಿಗೆ ಇರಲಿ.

ನೀನು ಕೇಳುವ ಪ್ರಶ್ನೆ ನನಗೆ ಗೊತ್ತು. ‘ನಾನು ಯಾರು, ನನಗೆ ಏನು ಬರುತ್ತದೆ ಅಂತಲೇ ತಿಳಿಯುತ್ತಿಲ್ಲ ಸಾರ್. ಧೈರ್ಯ ಎಲ್ಲಿಂದ ತರಲಿ?’ ಮೊಬೈಲಿನಲ್ಲಿ ಇದಕ್ಕೆ ಉತ್ತರ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ಕನ್ನಡಿ ಮುಂದೆ ನಿಂತು ನಿನ್ನನ್ನು ನೀನೇ ಹೊಗಳಿಕೋ ಎನ್ನುತ್ತಾರೆ. ನನಗೆ ಅದರಲ್ಲಿ ನಂಬಿಕೆ ಇಲ್ಲ. ಇದಕ್ಕಿಂತ ಗಟ್ಟಿಯಾದ ಉತ್ತರ ನಿನ್ನ ತಾಲ್ಲೂಕಿನಲ್ಲೇ, ಕಲ್ಲಿನ ಮೇಲೆ ಇದೆ.

ಮೊಳಕಾಲ್ಮುರು ತಾಲ್ಲೂಕಿನಲ್ಲಿ ಹುಟ್ಟಿ ಬೆಳೆದೂ ಬ್ರಹ್ಮಗಿರಿಯನ್ನು ಕಣ್ಣಾರೆ ನೋಡದವರು ಎಷ್ಟೋ ಮಂದಿ. ಪರೀಕ್ಷೆಯಲ್ಲಿ ಆ ಹೆಸರನ್ನು ಬರೆದು, ಅಂಕ ಪಡೆದು, ಮರೆತಿರುತ್ತಾರೆ. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಅವರು ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರ ಬೆಟ್ಟದಲ್ಲಿ ಅಶೋಕನ ಮೂರು ಶಾಸನಗಳನ್ನು ಬೆಳಕಿಗೆ ತಂದರು. ಒಂದೇ ಸಂದೇಶವನ್ನು ಅಕ್ಕಪಕ್ಕದಲ್ಲೇ ಮೂರು ಕಡೆ ಕೊರೆಸಿದ್ದಾರೆ ಎಂದರೆ ಇಲ್ಲಿಯ ಜನರಿಗೆ ಅದು ಮುಟ್ಟಲೇಬೇಕು ಎಂಬ ಕಾಳಜಿ ಇದ್ದಿರಬೇಕು. ಸುವರ್ಣಗಿರಿಯಲ್ಲಿದ್ದ ರಾಜಕುಮಾರನೂ ಅಧಿಕಾರಿಗಳೂ ಇಸಿಲ ಎಂಬ ಊರಿನ ಮಹಾಮಾತ್ರರಿಗೆ, ಅಂದರೆ ಅಲ್ಲಿಯ ಹಿರಿಯ ಅಧಿಕಾರಿಗಳಿಗೆ, ಕಳಿಸಿದ ಆಜ್ಞೆ ಅದು. ಮೊದಲು ಆರೋಗ್ಯ ವಿಚಾರಿಸಿ, ಆಮೇಲೆ ರಾಜನ ಮಾತನ್ನು ಒಪ್ಪಿಸುತ್ತದೆ. ಆ ಇಸಿಲ ಇದ್ದದ್ದು ಇದೇ ಬ್ರಹ್ಮಗಿರಿಯ ಬುಡದಲ್ಲಿ ಎಂದು ವಿದ್ವಾಂಸರು ಹೇಳುತ್ತಾರೆ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಇಲ್ಲಿ ಅಗೆಸಿದಾಗ ಶಿಲಾಯುಗದ ಕೊಡಲಿಗಳಿಂದ ಹಿಡಿದು ಒಂದರ ಮೇಲೊಂದು ಕಾಲದ ಜನವಸತಿಯ ಕುರುಹು ಸಿಕ್ಕಿತು. ಯಾರೂ ಕೇಳಿರದ ಊರು ಎಂದು ನೀನು ಮುಚ್ಚಿಡುವ ಜಾಗ ಇದು.

ಆದರೆ ನಾನು ಹೇಳಬೇಕೆಂದಿರುವುದು ಊರಿನ ಹಳಮೆಯ ಮಾತಲ್ಲ. ಹಳಮೆಯ ಹೆಮ್ಮೆ ನಿನಗೆ ಕೆಲಸ ಕೊಡಿಸುವುದಿಲ್ಲ. ಆ ಬಂಡೆಯ ಮೇಲೆ ಚಕ್ರವರ್ತಿ ಏನು ಹೇಳಿಸಿದ್ದಾನೆ ಎಂಬುದನ್ನು ಕೇಳು. ತಾನು ಬೌದ್ಧ ಉಪಾಸಕನಾಗಿ ಎರಡೂವರೆ ವರ್ಷಕ್ಕೂ ಮೇಲಾಯಿತು, ಅದರಲ್ಲಿ ಒಂದು ವರ್ಷ ಹೇಳಿಕೊಳ್ಳುವಂಥ ಪ್ರಯತ್ನವನ್ನೇ ಮಾಡಲಿಲ್ಲ ಎಂದು ಅವನು ತನ್ನ ಪ್ರಜೆಗಳ ಮುಂದೆ ಒಪ್ಪಿಕೊಳ್ಳುತ್ತಾನೆ. ಆಮೇಲೆ ಒಂದು ವರ್ಷಕ್ಕೂ ಹೆಚ್ಚು ಕಾಲ, ಸಂಘದ ಸಹವಾಸದಲ್ಲಿ, ಪಟ್ಟು ಹಿಡಿದು ಶ್ರಮಿಸಿದೆ ಎನ್ನುತ್ತಾನೆ. ಮುಂದಿನದೇ ಮುಖ್ಯವಾದ ಮಾತು. ಈ ಶ್ರಮದ ಫಲ ದೊಡ್ಡವರಿಗೆ ಮಾತ್ರ ದಕ್ಕುವಂಥದ್ದಲ್ಲ, ಸಣ್ಣವನೂ ಶ್ರಮಪಟ್ಟರೆ ಪಡೆಯಬಲ್ಲ, ಅದಕ್ಕಾಗಿಯೇ ಇದನ್ನು ಸಾರುತ್ತಿದ್ದೇನೆ, ಸಣ್ಣವರೂ ದೊಡ್ಡವರೂ ಇಬ್ಬರೂ ಪ್ರಯತ್ನಿಸಲಿ ಎಂಬುದು ಅದರ ತಾತ್ಪರ್ಯ. ಅವನು ಹೇಳಿದ್ದು ಧರ್ಮದ ವಿಚಾರ, ಸ್ವರ್ಗದ ವಿಚಾರ. ನೌಕರಿಯ ವಿಚಾರವಲ್ಲ ಎಂಬುದು ನನಗೂ ಗೊತ್ತು. ಆದರೂ ಅಷ್ಟು ದೊಡ್ಡ ರಾಜ್ಯದ ದೊರೆ, ಇಷ್ಟು ದೂರದ ಬಂಡೆಯ ಮೇಲೆ, ಸಣ್ಣವರನ್ನು ನೆನೆದು ಬರೆಸಿದ ಎಂಬುದು ನನಗೆ ಪ್ರತಿ ಸಲವೂ ಮೈ ನವಿರೇಳಿಸುತ್ತದೆ.

ಇದರಲ್ಲಿ ನಿನ್ನ ಪ್ರಶ್ನೆಗೆ ಉತ್ತರವಿದೆ. ಮೊದಲು ತನ್ನನ್ನು ತಾನು ಪೂರ್ತಿ ಅರಿತು, ಆಮೇಲೆ ಧೈರ್ಯ ತಂದುಕೊಂಡು, ಅದಾದ ಮೇಲೆ ಕೆಲಸಕ್ಕೆ ಕೈ ಹಾಕಿದೆ ಎಂದು ಅವನು ಹೇಳಲಿಲ್ಲ. ನೀನೂ ಆ ಸರದಿಗಾಗಿ ಕಾಯಬೇಡ. ಯಾವುದಾದರೂ ಒಂದು ಕೆಲಸವನ್ನು ಹಿಡಿ, ಅದಕ್ಕೆ ಒಂದು ವರ್ಷ ಕೊಡು. ಟ್ಯಾಲಿ ಕಲಿಯುವುದಿರಲಿ, ನರ್ಸಿಂಗ್ ಇರಲಿ, ಪಿಡಿಒ ಪರೀಕ್ಷೆಯ ತಯಾರಿ ಇರಲಿ, ಅಪ್ಪನ ಶೇಂಗಾ ಹೊಲಕ್ಕೆ ಹನಿ ನೀರಾವರಿ ಮಾಡುವುದಿರಲಿ. ವರ್ಷದ ಕೊನೆಗೆ ಅದು ಕೈಗೆ ಹತ್ತದೆಯೂ ಹೋಗಬಹುದು. ಹತ್ತಲಿಲ್ಲ ಎಂದು ಆಗ ತಿಳಿಯುವುದು ಕೆಲಸ ಮಾಡಿ ತಿಳಿದದ್ದು, ಮಂಚದ ಮೇಲೆ ಮಲಗಿ ಊಹಿಸಿದ್ದಲ್ಲ. ನಿನಗೆ ಏನು ಬರುತ್ತದೆ ಎಂಬುದನ್ನು ನಿನ್ನ ಕೈ ನಿನಗೆ ತೋರಿಸಬೇಕು.

ಆ ಶಾಸನದ ಕೊನೆಯಲ್ಲಿ ಇನ್ನೊಂದು ಹೆಸರಿದೆ. ಚಪಡ. ಅದನ್ನು ಬರೆದ ಲಿಪಿಕಾರ. ಇಡೀ ಶಾಸನವನ್ನು ಬ್ರಾಹ್ಮಿಯಲ್ಲಿ ಬರೆದು, ತಾನು ಲಿಪಿಕಾರ ಎಂಬ ಪದವನ್ನು ಮಾತ್ರ ಖರೋಷ್ಠಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ಭಾರತದ ವಾಯವ್ಯ ಗಡಿಯ ಲಿಪಿ, ಬಲದಿಂದ ಎಡಕ್ಕೆ ಸಾಗುವಂಥದ್ದು. ಇಲ್ಲಿ ಅದನ್ನು ಓದಬಲ್ಲವರು ಇದ್ದರೋ ಇಲ್ಲವೋ. ಆದರೂ ಪರಸ್ಥಳದಲ್ಲಿ ಕೂತು, ತನಗೆ ಬಂದ ವಿದ್ಯೆಯನ್ನು ಬಚ್ಚಿಡದೆ, ತನ್ನ ಕೆಲಸದ ಕೆಳಗೆ ಹೆಸರು ಹಾಕಿದ ಆ ಮನುಷ್ಯನ ಬಗ್ಗೆ ನನಗೆ ಬಹಳ ಗೌರವ. ‘ಐತೆ’ ಎನ್ನುವುದಕ್ಕೆ ಅಂಜುವ ನೀನು ಅವನನ್ನು ಒಮ್ಮೆ ನೆನೆಸಿಕೋ. ಇಂಗ್ಲಿಷು ಕಲಿ, ಚೆನ್ನಾಗಿ ಕಲಿ, ದಿನಾ ಪತ್ರಿಕೆಯ ಒಂದು ಪುಟವನ್ನು ಗಟ್ಟಿಯಾಗಿ ಓದು, ತಪ್ಪಿದರೆ ತಿದ್ದಿಕೋ. ಅದಕ್ಕಾಗಿ ಮನೆಯ ತೆಲುಗನ್ನೋ ಹಟ್ಟಿಯ ಕನ್ನಡವನ್ನೋ ಕೀಳು ಎಂದುಕೊಳ್ಳಬೇಕಾಗಿಲ್ಲ.

ಓದು ಬಾರದವರಲ್ಲಿ ವಿದ್ಯೆ ಇರುವುದಿಲ್ಲ ಎಂದು ಕಾಲೇಜು ನಿನಗೆ ಕಲಿಸಿದ್ದರೆ ಅದನ್ನು ಮರೆತುಬಿಡು. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಸಾವಿರಾರು ತ್ರಿಪದಿಗಳು ಅವರ ನೆನಪಿನಲ್ಲಿದ್ದವು. ಕೃಷ್ಣಮೂರ್ತಿ ಹನೂರು ಅವರು ಆ ಹಾಡುಗಳನ್ನು ಸಂಗ್ರಹಿಸಿ ‘ಸಾವಿರದ ಸಿರಿಬೆಳಗು’ ಎಂದು ಪ್ರಕಟಿಸಿದರು. ಹಾಡಿನಿಂದ ಹೆಸರು ಬರುತ್ತದೆ ಎಂದು ಕಾದು ಕೂತಿದ್ದ ಜೀವವಲ್ಲ ಅದು. ಬೀಸುವಾಗ, ಕುಟ್ಟುವಾಗ, ಮದುವೆ ಮನೆಯಲ್ಲಿ, ಬದುಕು ನಡೆಸುತ್ತಲೇ ಹಾಡು ಕೂಡಿಟ್ಟವರು ನಮ್ಮ ಹಟ್ಟಿಯ ಹೆಂಗಸರು. ಪದವಿಯ ಹಂಗಿಲ್ಲದ ಆತ್ಮವಿಶ್ವಾಸ ಹೇಗಿರುತ್ತದೆ ಎಂದು ತಿಳಿಯಬೇಕಾದರೆ ನಿನ್ನ ಅಜ್ಜಿಯ ಪಕ್ಕ ಒಂದು ಸಂಜೆ ಕೂತು ಕೇಳು. ನೀನು ಓದು ಬಿಡಬೇಕೆಂದು ಇದನ್ನು ಹೇಳುತ್ತಿಲ್ಲ. ಅಜ್ಜಿಗೆ ಸಿಗದ ಅಕ್ಷರ ನಿನಗೆ ಸಿಕ್ಕಿದೆ, ಅದನ್ನು ಎರಡು ಕೈಯಲ್ಲಿ ಹಿಡಿದುಕೋ.

ಇನ್ನೊಂದು ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ. ಧೈರ್ಯವನ್ನು ಒಬ್ಬೊಬ್ಬರೇ ಬೆಳೆಸಿಕೊಳ್ಳಬೇಕು ಎಂಬ ಮಾತನ್ನು ನಂಬಬೇಡ. ನಿನ್ನನ್ನು ನೋಡಿ, ‘ನಿನ್ನ ದಾರಿ ಇದು’ ಎಂದು ಬಾಯಿ ಬಿಟ್ಟು ಹೇಳುವ ಒಬ್ಬರಾದರೂ ಬೇಕು. ಚಳ್ಳಕೆರೆ ತಾಲ್ಲೂಕಿನ ತಳುಕಿನವರಾದ ಟಿ.ಎಸ್. ವೆಂಕಣ್ಣಯ್ಯನವರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಕನ್ನಡದ ಪ್ರಾಧ್ಯಾಪಕರಾಗಿದ್ದರು. ಎಂ.ಎ.ಗೆ ತತ್ವಶಾಸ್ತ್ರ ತೆಗೆದುಕೊಳ್ಳಬೇಕೆಂದಿದ್ದ ಕುವೆಂಪು ಕನ್ನಡದತ್ತ ತಿರುಗಿದ್ದು ಅವರ ಸಲಹೆಯಿಂದ. ವೆಂಕಣ್ಣಯ್ಯನವರು ತಾವು ಬರೆದದ್ದು ಕಡಿಮೆ, ಶಿಷ್ಯರನ್ನು ಬೆಳೆಸಿದ್ದು ಹೆಚ್ಚು. 1939ರಲ್ಲಿ ಅವರು ತೀರಿಕೊಂಡರು. ಹತ್ತು ವರ್ಷದ ಮೇಲೆ ಪ್ರಕಟವಾದ ‘ಶ್ರೀ ರಾಮಾಯಣ ದರ್ಶನಂ’ ಅನ್ನು ಕುವೆಂಪು ತಮ್ಮ ಈ ಗುರುವಿಗೇ ಅರ್ಪಿಸಿದರು. ಕುಪ್ಪಳಿಯ ಮಲೆನಾಡಿನ ಹುಡುಗನೊಳಗಿನ ಶಕ್ತಿಯನ್ನು ಗುರುತಿಸಿದ್ದು ತಳುಕಿನ ಬಯಲುಸೀಮೆಯ ಕಣ್ಣು. ಅದೇ ತಳುಕಿನ ಮನೆತನದವರು ‘ದುರ್ಗಾಸ್ತಮಾನ’ ಕಾದಂಬರಿ ಬರೆದ ತ.ರಾ.ಸು. ಕೂಡ.

ಅಂಥ ಮೇಷ್ಟ್ರು ನಿನಗೆ ಸಿಗಲಿಲ್ಲ ಎನ್ನಬೇಡ, ಹುಡುಕು. ಪಿಯುಸಿಯಲ್ಲಿ ಪಾಠ ಮಾಡಿದವರು, ಲೈಬ್ರರಿಯವರು, ಬ್ಯಾಂಕಿನಲ್ಲಿರುವ ನಿನ್ನೂರಿನ ಅಣ್ಣ, ಅಂಗನವಾಡಿ ಅಕ್ಕ, ಯಾರಾದರೂ ಆಗಬಹುದು. ಹೊಗಳುವವರಿಗಿಂತ ನೋಡಿ ಹೇಳುವವರು ಬೇಕು. ಅವರ ಮುಂದೆ ನಿನ್ನ ಕೆಲಸವನ್ನು ಇಡು: ಬರೆದ ಉತ್ತರಪತ್ರಿಕೆ, ಮಾಡಿದ ಲೆಕ್ಕ, ಹೊಲಿದ ರವಿಕೆ, ಏನೇ ಇರಲಿ. ಬರಿಗೈಯಲ್ಲಿ ಹೋಗಿ ‘ನನಗೆ ಧೈರ್ಯ ಹೇಳಿ’ ಎಂದರೆ ಅವರೂ ಏನು ಹೇಳಿಯಾರು?

ಮಗ್ಗದ ಮನೆಯ ಮಕ್ಕಳಿಗೆ ಬೇರೆಯಾಗಿ ಹೇಳಬೇಕು. ಮೊಳಕಾಲ್ಮುರು ಸೀರೆಗೆ ಜಿಐ ಮನ್ನಣೆ ಸಿಕ್ಕಿದೆ, ಪೇಟೆಯಲ್ಲಿ ಅದರ ಹೆಸರು ಹೇಳಿ ಮಾರುವವರಿದ್ದಾರೆ. ನೇಯುವವರ ಮನೆಯ ಲೆಕ್ಕ ಬೇರೆಯೇ ಇದೆ, ಅದು ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಒಡಲಿಗೊಂದು, ಎರಡು ಅಂಚಿಗೆರಡು, ಮೂರು ಲಾಳಿ ಹಾಕಿ ನೇಯುವ ಸೀರೆಗೆ ಪಕ್ಕದಲ್ಲಿ ಕೂತು ಕೈ ಕೊಡುವವರೂ ಬೇಕು. ಎಷ್ಟೋ ಮನೆಗಳಲ್ಲಿ ಅದು ಹೆಂಗಸರ, ಹುಡುಗರ ಪಾಲಿನ ದುಡಿಮೆ, ಅದಕ್ಕೆ ಬೇರೆ ಕೂಲಿ ಇಲ್ಲ. ಹೀಗಿರುವಾಗ ಮಗ್ಗ ಬಿಟ್ಟು ಬೇರೆ ಉದ್ಯೋಗ ಹುಡುಕಿದರೆ ನೀನು ಕುಲಕಸುಬಿಗೆ ದ್ರೋಹ ಮಾಡಿದ ಹಾಗಾಗುವುದಿಲ್ಲ. ಮಗ್ಗದಲ್ಲೇ ಉಳಿದರೆ ಸೋತ ಹಾಗೂ ಆಗುವುದಿಲ್ಲ. ಯಾವುದನ್ನೇ ಆರಿಸಿಕೋ, ಲೆಕ್ಕ ಹಾಕಿ ಆರಿಸಿಕೋ. ರೇಷ್ಮೆಗೆ ಎಷ್ಟು, ಜರಿಗೆ ಎಷ್ಟು, ದಿನ ಎಷ್ಟು, ಸೀರೆಗೆ ಕೈಗೆ ಬಂದದ್ದೆಷ್ಟು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡು. ನಾಚಿಕೆಯಿಂದ ಬಿಟ್ಟವರಿಗೂ ಲೆಕ್ಕ ತಿಳಿದು ಬಿಟ್ಟವರಿಗೂ ಮುಂದಿನ ಬದುಕಿನಲ್ಲಿ ಬಹಳ ವ್ಯತ್ಯಾಸವಾಗುತ್ತದೆ, ಅದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಚಳ್ಳಕೆರೆ ತಾಲ್ಲೂಕಿನ ಕುದಾಪುರದ ಕಡೆಯವರ ಅಳುಕು ಇನ್ನೊಂದು ಬಗೆಯದು. ನಿಮ್ಮ ಅಪ್ಪಂದಿರು ದನ ಕುರಿ ಮೇಯಿಸಿದ ಅಮೃತಮಹಲ್ ಕಾವಲಿನಲ್ಲಿ ಈಗ ಐಐಎಸ್‌ಸಿಯ 1500 ಎಕರೆ ಇದೆ, ಡಿಆರ್‌ಡಿಒ ಇದೆ, ಗೋಡೆ ಇದೆ. ಹುಲ್ಲುಗಾವಲು ಹೋದ ನೋವು ಸಣ್ಣದಲ್ಲ, ಅದನ್ನು ನುಂಗಿಕೋ ಎಂದು ನಾನು ಹೇಳಲಾರೆ. ಆದರೆ ಆ ಗೋಡೆಯನ್ನು ನೋಡಿ ‘ಅದು ನಮ್ಮಂಥವರಿಗಲ್ಲ’ ಎಂದು ನಿನ್ನ ಬಾಯಲ್ಲಿ ಬರುತ್ತದಲ್ಲ, ಅದನ್ನು ಮಾತ್ರ ಒಪ್ಪುವುದಿಲ್ಲ. ಅದೇ ಆವರಣದಲ್ಲಿ ನಾಡಿನ ಶಾಲೆಗಳ ವಿಜ್ಞಾನ ಮೇಷ್ಟ್ರುಗಳಿಗೆ ತರಬೇತಿ ನಡೆಯುತ್ತದೆ. ನಿನ್ನ ಶಾಲೆಯ ವಿಜ್ಞಾನದ ಮೇಷ್ಟ್ರನ್ನು ವಿಚಾರಿಸು, ಒಳಗೆ ಏನು ನಡೆಯುತ್ತದೆ, ಅಲ್ಲಿ ಎಂಥ ಕೆಲಸಗಳಿವೆ, ಯಾವ ಓದು ಓದಿದರೆ ಸೇರಬಹುದು ಎಂದು ಕೇಳು. ಕೇಳಲಿಕ್ಕೆ ನಿನಗೆ ಎಲ್ಲರಿಗಿಂತ ಹೆಚ್ಚು ಹಕ್ಕಿದೆ.

ತಂಗೀ, ಗಂಡುಹುಡುಗರಿಗೆ ಹೇಳಿದ್ದೆಲ್ಲ ನಿನಗೂ ಹಾಗೇ ಅನ್ವಯಿಸುತ್ತದೆ ಎಂದರೆ ಅದು ಸುಳ್ಳಾದೀತು. ಅವನು ಒಂದು ವರ್ಷ ಕೇಳಿದರೆ ಮನೆಯಲ್ಲಿ ಕೊಡುತ್ತಾರೆ. ನೀನು ಕೇಳಿದರೆ ಸಂಬಂಧ ನೋಡಲು ಶುರು ಮಾಡುತ್ತಾರೆ. ಕೆಲವು ಹಟ್ಟಿಗಳಲ್ಲಿ ಮುಟ್ಟಾದ ಹೆಣ್ಣುಮಕ್ಕಳು, ಬಾಣಂತಿಯರು ಊರಾಚೆ ಇರಬೇಕಾದ ಪದ್ಧತಿ ಇನ್ನೂ ಪೂರ್ತಿ ಹೋಗಿಲ್ಲ. ತಿಂಗಳಿಗೊಮ್ಮೆ ತನ್ನ ಮನೆಯಿಂದಲೇ ಹೊರಗಾಗುವ ಹುಡುಗಿಗೆ ‘ಆತ್ಮವಿಶ್ವಾಸ ಬೆಳೆಸಿಕೋ’ ಎಂದು ಉಪದೇಶ ಮಾಡುವುದು ನನಗೆ ಸಂಕಟದ ವಿಷಯ. ಬದಲಾಗಬೇಕಾದದ್ದು ಅವಳಲ್ಲ, ನಾವು, ಊರಿನ ಹಿರಿಯರು. ಅದನ್ನು ಹಟ್ಟಿಯ ಕಟ್ಟೆಯ ಮೇಲೆ ಕೂತು ಹೇಳುವ ಕೆಲಸ ನನ್ನಂಥವರದು, ನಾವು ಹೇಳುತ್ತೇವೆ. ನೀನು ಒಬ್ಬಳೇ ಎಲ್ಲರನ್ನೂ ಎದುರಿಸಬೇಡ. ಮೊದಲು ಅವ್ವನನ್ನು ನಿನ್ನ ಕಡೆ ಮಾಡಿಕೋ, ಆಮೇಲೆ ಆಶಾ ಕಾರ್ಯಕರ್ತೆಯನ್ನು, ಆಮೇಲೆ ಓದಿದ ಅಣ್ಣನನ್ನು. ಮದುವೆಗೆ ಮುಂಚೆ ಒಂದು ವರ್ಷ ಬೇಕು ಎನ್ನುವಾಗ ಆ ವರ್ಷದಲ್ಲಿ ಏನು ಮಾಡುತ್ತೀಯ, ಎಲ್ಲಿ ಇರುತ್ತೀಯ, ಖರ್ಚು ಎಷ್ಟು ಎಂದು ಅಪ್ಪನ ಮುಂದೆ ಬಿಡಿಸಿ ಹೇಳು. ಹಾಸ್ಟೆಲಿನ ಹೆಸರು ಹೇಳು. ಅಪ್ಪನಿಗೆ ಸಿಟ್ಟಿಗಿಂತ ಭಯ ಹೆಚ್ಚು.

ಕೊನೆಗೆ ಇಂಟರ್‌ವ್ಯೂ ಮಾತು. ‘ನಿಮ್ಮ ಬಗ್ಗೆ ಹೇಳಿ’ ಎಂದ ಕೂಡಲೇ ಮೊಬೈಲಿನಲ್ಲಿ ನೋಡಿ ಬಾಯಿಪಾಠ ಮಾಡಿದ ನಾಲ್ಕು ವಾಕ್ಯ ಒಪ್ಪಿಸಬೇಡ. ಎದುರಿಗೆ ಕೂತವರು ಬೆಳಗ್ಗೆಯಿಂದ ಅದನ್ನೇ ಕೇಳಿರುತ್ತಾರೆ. ಮಳೆ ಕೈಕೊಟ್ಟ ವರ್ಷ ಮನೆಯ ಕುರಿಗಳಲ್ಲಿ ಯಾವುದನ್ನು ಮಾರಬೇಕು, ಯಾವುದನ್ನು ಉಳಿಸಬೇಕು ಎಂದು ಅಪ್ಪನ ಜೊತೆ ಕೂತು ಲೆಕ್ಕ ಹಾಕಿದವನು ನೀನು. ಬ್ಯಾಂಕಿನಲ್ಲಿ ಅವ್ವನ ಸಂಘದ ಸಾಲದ ಕಾಗದ ಓದಿ ಹೇಳಿದವಳು ನೀನು. ಅದನ್ನು ಹೇಳು, ಸರಳವಾಗಿ ಹೇಳು. ಊರು ಯಾವುದು ಎಂದರೆ ಚಳ್ಳಕೆರೆ ತಾಲ್ಲೂಕು, ಮೊಳಕಾಲ್ಮುರು ತಾಲ್ಲೂಕು ಎಂದು ಹಳ್ಳಿಯ ಹೆಸರಿನ ಸಮೇತ ಹೇಳು. ಎಲ್ಲಿದೆ ಎಂದು ಕೇಳಿದರೆ ಅಶೋಕನ ಶಾಸನ ಇರುವ ಕಡೆ ಎನ್ನು.

ಈ ಸಲ ಊರಿಗೆ ಬಂದಾಗ ಮನೆಗೆ ಬಾ. ಅಂಕಪಟ್ಟಿ ತರುವುದು ಬೇಡ, ಈ ವರ್ಷ ಏನು ಮಾಡಬೇಕೆಂದಿದ್ದೀಯೋ ಅದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಬಾ. ಅರ್ಜಿಗೆ ಕೊನೆಯ ದಿನ ಯಾವುದು, ಫೀಜು ಎಷ್ಟು, ಪರೀಕ್ಷೆ ಎಲ್ಲಿ ಎಂಬುದೂ ಅದರಲ್ಲಿರಲಿ. ಫೀಜಿಗೆ ದುಡ್ಡು ಸಾಲದಿದ್ದರೆ ಅದನ್ನೂ ಮುಚ್ಚಿಡದೆ ಹೇಳು, ಯಾರನ್ನು ಕೇಳಬೇಕು ಎಂದು ಇಬ್ಬರೂ ಕೂತು ಯೋಚಿಸೋಣ.