ಪ್ರಾಣಾಯಾಮ ಮತ್ತು ವಟುಗಳ ಬುದ್ಧಿಚುರುಕು

ನಗರವಾಸಿಗಳಾದ ನಾವು ಮಕ್ಕಳ ಏಕಾಗ್ರತೆಗಾಗಿ ಉಸಿರಾಟದ ತರಗತಿಗಳನ್ನು ಹುಡುಕುತ್ತೇವೆ. ಆದರೆ ಉಪನಯನದಂದೇ ವಟುವಿಗೆ ದೊರೆತ ಪ್ರಾಣಾಯಾಮವನ್ನು ಟ್ಯೂಷನ್ನಿನ ಅವಸರದಲ್ಲಿ ಬಿಡಿಸಿಬಿಡುತ್ತೇವೆ.

ಮುಖ್ಯಪ್ರಾಣದೇವರು ನಮ್ಮೊಳಗಿದ್ದು ದಿನಕ್ಕೆ 21,600 ಬಾರಿ ಹಂಸಮಂತ್ರವನ್ನು ಜಪಿಸುತ್ತಾರೆಂಬುದು ನಮ್ಮ ಸಂಪ್ರದಾಯ; ಎಂದರೆ ನಿಮಿಷಕ್ಕೆ 15 ಶ್ವಾಸ. ಗಾಬರಿಯಲ್ಲಿ ಈ ಗತಿ ಏರುತ್ತದೆ. ಓದಿದ ಉತ್ತರವೂ ಪರೀಕ್ಷೆಯಲ್ಲಿ ನೆನಪಿಗೆ ಬಾರದು. ರೇಚಕವನ್ನು ನಿಧಾನವಾಗಿ ಮಾಡಿದಾಗ ವೇಗಸ್ ನರದ ಪ್ರಭಾವದಿಂದ ಹೃದಯದ ಬಡಿತ ತಗ್ಗಿ, ಮನಸ್ಸು ಶಾಂತವಾಗುತ್ತದೆ. ಪ್ರಾಣಾಯಾಮದಿಂದ ಮನಸ್ಸು ಧಾರಣೆಗೆ ಯೋಗ್ಯವಾಗುವುದೆಂದು ಪತಂಜಲಿಗಳೂ ಹೇಳಿದ್ದಾರೆ. ಕೇಳಿದ ಪ್ರಶ್ನೆಗೆ ಉತ್ತರ ಬೇಗನೆ ಹೊಳೆಯುವುದು ಹೀಗೆ ನಿಂತ ಮನಸ್ಸಿಗೇ.

ವಟುವು ಬೆನ್ನು ನೇರವಾಗಿರಿಸಿ ಕುಳಿತು, ಪೂರಕ, ಕುಂಭಕ, ರೇಚಕಗಳನ್ನು ಪ್ರಣವ, ಸಪ್ತವ್ಯಾಹೃತಿ, ಗಾಯತ್ರಿ, ಶಿರೋಮಂತ್ರಗಳ ಅನುಸಂಧಾನದೊಂದಿಗೆ ಗುರುಮುಖದಿಂದ ಕಲಿತಂತೆ ಮಾಡಬೇಕು. ಮಂತ್ರವೇ ಕಾಲದ ಅಳತೆ, ಗಡಿಯಾರ ಬೇಡ. ಕುಂಭಕದಲ್ಲಿ ಹಠ ಸಲ್ಲದು. ಉಬ್ಬಸವುಳ್ಳವರು ವೈದ್ಯರನ್ನು ಕೇಳಿಯೇ ಆರಂಭಿಸಬೇಕು. ಹೆಣ್ಣುಮಕ್ಕಳು ಹರಿನಾಮಸ್ಮರಣೆಯೊಡನೆ ನಿಧಾನವಾದ ಶ್ವಾಸೋಚ್ಛ್ವಾಸವನ್ನು ಅಭ್ಯಸಿಸಬಹುದು.

ಇದರಿಂದ ಅಂಕಗಳು ಹೆಚ್ಚುವುವೆಂಬ ಭರವಸೆಯನ್ನು ನಾವು ಕೊಡಲಾರೆವು. ಅಂಕಗಳಿಗಾಗಿಯೇ ಹಿಡಿದ ಸಂಧ್ಯಾವಂದನೆ ಪರೀಕ್ಷೆ ಮುಗಿದೊಡನೆ ನಿಂತುಹೋಗುತ್ತದೆ. ತಂದೆಯೂ ಪ್ರತಿದಿನ ಮಗನ ಪಕ್ಕದಲ್ಲಿ ಪಂಚಪಾತ್ರೆಯನ್ನಿಟ್ಟುಕೊಂಡು ಕುಳಿತರೆ ಅದು ಮನೆಯಲ್ಲಿ ಉಳಿಯುತ್ತದೆ.

ಶ್ರೀಕೃಷ್ಣಾರ್ಪಣಮಸ್ತು.