ನೇತ್ರಾಣಿಯ ನೀರಿನಲ್ಲಿ ಮೀನಿನ ಹಿಂಡಿಗೆ ಕ್ಯಾಮೆರಾ ಹಿಡಿಯುವುದು ಹೇಗೆ?

ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ಡೈವಿಂಗ್‌ಗೆ ಹೋಗಿಬಂದವರ ಫೋಟೊಗಳನ್ನು ನೋಡಿ. ಮಬ್ಬು ಹಸಿರು ನೀರು, ಅದರ ನಡುವೆ ದೂರ ಓಡುತ್ತಿರುವ ನೂರಾರು ಬಾಲಗಳು. ಕಣ್ಣು ಕಂಡದ್ದು ಬೆಳ್ಳಿಯ ಪರದೆಯಂತೆ ಹೊರಳುವ ಹಿಂಡನ್ನು. ಕ್ಯಾಮೆರಾಕ್ಕೆ ಸಿಕ್ಕಿದ್ದು ಬೂದು ಚುಕ್ಕಿಗಳು. ದುಬಾರಿ ಕ್ಯಾಮೆರಾ ಕೊಂಡವರಿಗೂ ಹೀಗಾಗುತ್ತದೆ. ಹೆಚ್ಚಿನ ಸಲ ತಪ್ಪುವುದು ಮೀನಿನ ಬಳಿ ಹೋಗುವ ರೀತಿ.

ಹೊರಡುವ ಮುನ್ನ

ಮಳೆಗಾಲದಲ್ಲಿ ಅಲ್ಲಿ ಡೈವಿಂಗ್ ಇರುವುದಿಲ್ಲ. ಅಕ್ಟೋಬರ್ ನಂತರ ಸಮುದ್ರ ಶಾಂತವಾದ ಮೇಲೆ, ಅದರಲ್ಲೂ ಡಿಸೆಂಬರ್, ಜನವರಿಯಲ್ಲಿ ಹೋಗುವುದು ಒಳ್ಳೆಯದು. ತರಬೇತುದಾರರ ಕೈಹಿಡಿದು ಮೊದಲ ಸಲ ಇಳಿಯುವವರು ದಯವಿಟ್ಟು ಕ್ಯಾಮೆರಾ ಒಯ್ಯಬೇಡಿ. 18 ಮೀಟರ್ ಆಳದವರೆಗಿನ ಓಪನ್ ವಾಟರ್ ಕೋರ್ಸ್ ಮುಗಿಸಿ, ಕೈಕಾಲು ಬಡಿಯದೆ ಒಂದೇ ಆಳದಲ್ಲಿ ತೇಲಿ ನಿಲ್ಲುವುದನ್ನು ಕಲಿಯಿರಿ. ಅದು ಬಾರದಿದ್ದರೆ ಕಾಲಿನ ಫಿನ್ ಹವಳಕ್ಕೆ ಬಡಿಯುತ್ತದೆ. ಫೋಟೊ ಹಾಳಾದರೆ ಇನ್ನೊಮ್ಮೆ ತೆಗೆಯಬಹುದು. ಮುರಿದ ಹವಳ ಮತ್ತೆ ಬೆಳೆಯಲು ವರ್ಷಗಳೇ ಬೇಕು.

ಹಿಂದಿನ ರಾತ್ರಿಯೇ ಹೌಸಿಂಗ್‌ನ, ಅಂದರೆ ಕ್ಯಾಮೆರಾಕ್ಕೆ ನೀರು ತಾಗದಂತೆ ಹಾಕುವ ಕವಚದ, ಓ-ರಿಂಗ್ ತೆಗೆದು ಒರೆಸಿ. ಒಂದು ಕೂದಲೆಳೆ, ಒಂದು ಮರಳಿನ ಕಣ ಸಾಕು, ನೀರು ಒಳನುಗ್ಗಲು. ಲೆನ್ಸ್ ಆದಷ್ಟು ವೈಡ್ ಆಗಿರಲಿ, ಫಿಶ್‌ಐ ಇದ್ದರೆ ಇನ್ನೂ ಚೆನ್ನ.

ಹಿಂಡಿನ ಬಳಿಗೆ

ಮೀನಿನ ಮೈಯ ಎರಡೂ ಬದಿಗೆ ಪಾರ್ಶ್ವರೇಖೆ ಎಂಬ ಇಂದ್ರಿಯವಿದೆ. ನೀರಿನ ಸಣ್ಣ ಅಲುಗಾಟವನ್ನೂ ಅದು ಗ್ರಹಿಸುತ್ತದೆ. ನೂರಾರು ಮೀನುಗಳು ಒಂದಕ್ಕೊಂದು ಡಿಕ್ಕಿ ಹೊಡೆಯದೆ ಒಟ್ಟಿಗೇ ತಿರುಗುವುದು ಕಣ್ಣಿನ ಜೊತೆ ಈ ರೇಖೆಯ ನೆರವಿನಿಂದ. ನೀವು ರಭಸವಾಗಿ ಕಾಲು ಬಡಿದ ಸುದ್ದಿಯೂ ಅದೇ ದಾರಿಯಲ್ಲಿ ಅವುಗಳಿಗೆ ತಲುಪುತ್ತದೆ. ನೇರವಾಗಿ ನುಗ್ಗಿದರೆ ಅವು ನಿಮ್ಮನ್ನು ಬೇಟೆಗಾರ ಎಂದೇ ತಿಳಿಯುತ್ತವೆ.

ಹಾಗಾಗಿ ಮೊದಲು ನೀರಿನ ಸೆಳೆತ ಯಾವ ಕಡೆಗಿದೆ ಎಂದು ಗಮನಿಸಿ. ಬಂಡೆಯ ಬಳಿ ನಿಂತ ಹಿಂಡು ಸಾಮಾನ್ಯವಾಗಿ ಸೆಳೆತಕ್ಕೆ ಎದುರಾಗಿ ಮುಖ ಮಾಡಿರುತ್ತದೆ. ದೂರದಿಂದ ಬಳಸಿಕೊಂಡು ಅವುಗಳ ಮುಂಬದಿಗೆ ಹೋಗಿ, ಹಿಂಡಿಗಿಂತ ತುಸು ಕೆಳಗೆ, ಓರೆಯಾಗಿ ನಿಂತುಬಿಡಿ. ಇನ್ನು ಕಾಯುವುದೇ ಕೆಲಸ. ಸ್ನ್ಯಾಪರ್‌ಗಳು ಕೆಲವೇ ನಿಮಿಷಗಳಲ್ಲಿ ನಿಮ್ಮನ್ನು ಇನ್ನೊಂದು ಬಂಡೆಯಂತೆ ಒಪ್ಪಿಕೊಳ್ಳುವುದುಂಟು. ಫ್ಯೂಸಿಲಿಯರ್‌ಗಳು ಹಾಗೆ ನಿಲ್ಲುವವಲ್ಲ, ಆದರೆ ಹೋದ ದಾರಿಯಲ್ಲೇ ಮತ್ತೆ ಬರುವುದು ಹೆಚ್ಚು. ಒಮ್ಮೆ ಅವು ಹಾದುಹೋದ ಜಾಗವನ್ನು ಗುರುತಿಟ್ಟುಕೊಂಡು ಅಲ್ಲೇ ಇರಿ.

ಗುಳ್ಳೆಗಳ ಸದ್ದಿಗೂ ಮೀನು ಬೆದರುತ್ತದೆ. ಹಾಗೆಂದು ಉಸಿರು ಬಿಗಿಹಿಡಿಯಬೇಡಿ. ಸ್ಕೂಬಾದಲ್ಲಿ ಉಸಿರು ಹಿಡಿದು ತುಸು ಮೇಲೇರಿದರೂ ಶ್ವಾಸಕೋಶಕ್ಕೆ ಗಾಯವಾಗಬಹುದು. ನಿಧಾನವಾಗಿ, ಸಣ್ಣ ಗುಳ್ಳೆಗಳು ಹೊರಡುವಂತೆ ಉಸಿರು ಬಿಡಿ. ಮೀನು ಬರಲೆಂದು ಬ್ರೆಡ್ಡು, ಬಿಸ್ಕತ್ತು ಚೆಲ್ಲುವವರಿದ್ದಾರೆ. ಆ ಚೂರುಗಳಿಗೆ ಮುಗಿಬೀಳುವ ಮೀನುಗಳಲ್ಲಿ ಹಿಂಡಿನ ಓಟದ ಚಂದವೇ ಇರುವುದಿಲ್ಲ.

ಬೆಳಕು

ನೀರು ಮೊದಲು ನುಂಗುವುದು ಕೆಂಪನ್ನು. ಐದಾರು ಮೀಟರ್ ಇಳಿಯುವಷ್ಟರಲ್ಲೇ ಅದು ಬಹುಪಾಲು ಮಾಯವಾಗುತ್ತದೆ. ಕೆಂಪು ಸ್ನ್ಯಾಪರ್ ಕೂಡ ಕಂದು, ಬೂದು ಕಾಣುವುದು ಅದಕ್ಕೇ. ಆ ಬಣ್ಣ ಮರಳಿ ಬರಲು ಸ್ಟ್ರೋಬ್, ಅಂದರೆ ನೀರೊಳಗೆ ಬಳಸುವ ಫ್ಲ್ಯಾಶ್ ಬೇಕು. ಅದರ ಬೆಳಕಿನ ಲಾಭ ಸಿಗುವುದು ಒಂದು ಮಾರು ದೂರದವರೆಗೆ ಮಾತ್ರ. ಅದರಾಚೆಯ ಮೀನುಗಳಿಗೆ ಸೂರ್ಯನೇ ಗತಿ. ಸ್ಟ್ರೋಬ್‌ಗಳನ್ನು ಕ್ಯಾಮೆರಾದ ಎರಡು ಬದಿಗೆ ಅಗಲವಾಗಿ ಚಾಚಿ, ತುಸು ಹೊರಮುಖವಾಗಿ ತಿರುಗಿಸಿ. ನೇರ ಎದುರಿಗೆ ಹಿಡಿದರೆ ನೀರಿನಲ್ಲಿ ತೇಲುವ ಕಣಗಳೆಲ್ಲ ಹೊಳೆದು, ಫೋಟೊದಲ್ಲಿ ಹಿಮ ಸುರಿದಂತಾಗುತ್ತದೆ. ಬೆಳ್ಳಿ ಮೈಯ ಟ್ರೆವಲ್ಲಿ, ಬರಾಕುಡಗಳ ಹುರುಪೆ ಕನ್ನಡಿಯಿದ್ದಂತೆ. ಅವುಗಳಿಗೆ ಸ್ಟ್ರೋಬ್‌ನ ಶಕ್ತಿ ತಗ್ಗಿಸಿ.

ಆ್ಯಕ್ಷನ್ ಕ್ಯಾಮೆರಾ ಮಾತ್ರ ಇದ್ದರೆ ಬೇಸರ ಬೇಡ. ನೀಲಿ ನೀರಿಗೆ ಕೆಂಪು ಫಿಲ್ಟರ್, ನಮ್ಮ ಕರಾವಳಿಯ ನೀರು ಹಸಿರಾಗಿರುವ ದಿನಗಳಲ್ಲಿ ಮಜೆಂಟಾ ಫಿಲ್ಟರ್ ಹಾಕಿ, ಸೂರ್ಯನನ್ನು ಬೆನ್ನಿಗಿಟ್ಟುಕೊಂಡು ತೆಗೆಯಿರಿ.

ಕ್ಲಿಕ್ಕಿಸುವ ಹೊತ್ತು

ಶಟರ್ 1/125ರಿಂದ 1/250, ಅಪರ್ಚರ್ ಎಫ್/8, ಐಎಸ್ಒ 200 ಅಥವಾ 400. ಇಲ್ಲಿಂದ ಶುರುಮಾಡಿ. ಸೂರ್ಯನನ್ನೇ ಚೌಕಟ್ಟಿನೊಳಗೆ ತಂದು, ಹಿಂಡನ್ನು ಕಪ್ಪು ನೆರಳಾಗಿಸುವುದಾದರೆ ಅಪರ್ಚರ್ ಎಫ್/13ರ ಆಸುಪಾಸು ಇರಲಿ. ಫೈಲ್ ರಾ ಆಗಿದ್ದರೆ ಬಣ್ಣವನ್ನು ಆಮೇಲೂ ಸರಿಪಡಿಸಬಹುದು.

ಸುಮ್ಮನೆ ಗುಂಪುಗೂಡಿದ ಮೀನುಗಳು ಬೇರೆ, ಒಂದೇ ದಿಕ್ಕಿಗೆ ತಲೆ ಮಾಡಿ ಸಾಗುವ ಹಿಂಡು ಬೇರೆ. ಮೊದಲನೆಯದು ಸಂತೆ, ಎರಡನೆಯದು ಮೆರವಣಿಗೆ. ಮೆರವಣಿಗೆಯಾಗುವವರೆಗೆ ತಾಳಿ. ಅಲ್ಲೇ ಎಲ್ಲೋ ಬೇಟೆಗೆ ಬಂದ ಟ್ರೆವಲ್ಲಿ ಸುಳಿದರೆ ಸಡಿಲ ಗುಂಪೂ ಥಟ್ಟನೆ ಬಿಗಿದುಕೊಳ್ಳುತ್ತದೆ, ಆ ಗಳಿಗೆಗೆ ಸಿದ್ಧರಾಗಿರಿ. ಹಿಂಡು ಚೌಕಟ್ಟಿನ ಅಂಚುಗಳನ್ನೂ ಮೀರಿ ತುಂಬಿದರೆ ಅದು ಕೊನೆಯೇ ಇಲ್ಲದ್ದೆನಿಸುತ್ತದೆ. ಫೋಕಸ್ ಮಾತ್ರ ತೀರಾ ಹತ್ತಿರದ ಮೀನಿನ ಕಣ್ಣಿಗೇ ಇರಲಿ.

ಇಷ್ಟರ ನಡುವೆ ಸಿಲಿಂಡರ್‌ನ ಗೇಜ್ ಮರೆತುಹೋಗುವುದು ಸುಲಭ. ನಾಲ್ಕೈದು ಫೋಟೊಗಳಿಗೊಮ್ಮೆ ನೋಡುತ್ತಿರಿ. 50 ಬಾರ್ ಉಳಿದಿರುವಾಗಲೇ ನೀರಿನ ಮೇಲೆ ಇರುವಂತೆ ಹೊರಡಿ. ಮೇಲೇರುವಾಗ ಸುರಕ್ಷತೆಗೆಂದು ಐದು ಮೀಟರ್ ಆಳದಲ್ಲಿ ಮೂರು ನಿಮಿಷ ನಿಲ್ಲುವಾಗಲೂ ಕ್ಯಾಮೆರಾ ಆಫ್ ಮಾಡಬೇಡಿ. ಅಲ್ಲಿ ಬೆಳಕು ಹೆಚ್ಚು, ನೀವೂ ಅಲುಗಾಡದೆ ನಿಂತಿರುತ್ತೀರಿ. ಒಮ್ಮೊಮ್ಮೆ ಹಿಂಡೇ ನಿಮ್ಮನ್ನು ಸುತ್ತಿಕೊಂಡು ಹೋಗುತ್ತದೆ.

ದೋಣಿಯಲ್ಲಿ ಒದ್ದೆ ಕೈಯಿಂದ ಹೌಸಿಂಗ್ ತೆರೆಯಬೇಡಿ. ದಡಕ್ಕೆ ಬಂದು, ಸಿಹಿನೀರಿನ ಬಕೆಟ್‌ನಲ್ಲಿ ಅರ್ಧ ಗಂಟೆ ನೆನೆಹಾಕಿ, ಸಂದಿಗಳ ಉಪ್ಪು ಬಿಡುವಂತೆ ಪ್ರತಿ ಗುಂಡಿಯನ್ನೂ ಒತ್ತಿ ಒತ್ತಿ ಬಿಡಿ.