ಇಂದಿನ ಧಮ್ಮ ಚಿಂತನೆ: ನಮ್ಮಲ್ಲಿ ಹಿರಿಯರು ಯಾರು?



ನಮ್ಮ ಬದನವಾಳಿನ ನಾಲ್ಕೈದು ಹುಡುಗರು ಈಗ ಬೆಳಗಿನ ಜಾವ ಐದಕ್ಕೇ ಎದ್ದು ನಂಜನಗೂಡು ರಸ್ತೆಯಲ್ಲಿ ಓಡುತ್ತಿದ್ದಾರೆ. ಅಗ್ನಿವೀರ್ ಭರ್ತಿಗೆ ತಯಾರಿ. ಅವರಲ್ಲೊಬ್ಬ ಕಳೆದ ಭಾನುವಾರ ಅಧ್ಯಯನ ಬಳಗದಲ್ಲಿ ಕೇಳಿದ: "ಸಾರ್, ಪಂಚಶೀಲ ತಗೊಂಡೋರು ಮಿಲಿಟ್ರಿಗೆ ಸೇರ್ಬೋದಾ?" ಎಲ್ಲರೂ ನನ್ನ ಮುಖ ನೋಡಿದರು. ಒಂದು ಮಾತಿನಲ್ಲಿ ಮುಗಿಯುವ ಪ್ರಶ್ನೆಯಲ್ಲ, ಆದ್ದರಿಂದ ಇವತ್ತು ಬರೆಯುತ್ತಿದ್ದೇನೆ.

ತಿಪಿಟಕದಲ್ಲಿ ಎರಡು ಪ್ರಸಂಗಗಳಿವೆ. ವೈಶಾಲಿಯ ಸೀಹ ಸೇನಾಪತಿ ಬುದ್ಧರ ಉಪಾಸಕನಾದ. ಸೇನಾಪತಿಯ ಕೆಲಸ ಬಿಟ್ಟು ಬಾ ಎಂದು ಬುದ್ಧರು ಅವನಿಗೆ ಹೇಳಲಿಲ್ಲ. ಇನ್ನೊಂದು ಕಡೆ, ಯುದ್ಧದಲ್ಲಿ ಸತ್ತವನಿಗೆ ಸ್ವರ್ಗ ಸಿಗುತ್ತದೆಯೇ ಎಂದು ಒಬ್ಬ ಯೋಧ ಕೇಳುತ್ತಾನೆ. ಬುದ್ಧರು ಎರಡು ಸಲ ಉತ್ತರಿಸಲು ಒಪ್ಪುವುದಿಲ್ಲ. ಮೂರನೆಯ ಸಲ ಕೇಳಿದಾಗ, ಕೊಲ್ಲುವ ಮನಸ್ಸಿನಿಂದ ಸ್ವರ್ಗವಿಲ್ಲ ಎಂದೇ ಹೇಳುತ್ತಾರೆ. ಇಷ್ಟು ದಿನ ಗುರುಗಳು ಮೋಸ ಮಾಡಿದರಲ್ಲ ಎಂದು ಆ ಯೋಧ ಅಳುತ್ತಾನೆ. ಈ ಎರಡನ್ನೂ ಹುಡುಗನ ಮುಂದೆ ಇಡುತ್ತೇನೆ. ತೀರ್ಮಾನ ಅವನದು, ಅವನ ಮನೆಯದು. ಮನೆಯಲ್ಲಿ ಸಾಲವೂ ಇದೆ, ಅದು ನನಗೆ ಗೊತ್ತಿದೆ.

ಆದರೆ ಸೈನ್ಯದ ಋಣವನ್ನು ನಾವು ಮರೆಯುವಂತಿಲ್ಲ. ಬಾಬಾಸಾಹೇಬರ ತಂದೆ ರಾಮಜಿ ಸಕ್ಪಾಲರು ಸುಬೇದಾರ್ ಮೇಜರ್. ಸೈನಿಕರ ಶಾಲೆಯಲ್ಲಿ ಮುಖ್ಯೋಪಾಧ್ಯಾಯರಾಗಿದ್ದವರು. ಬಾಬಾಸಾಹೇಬರು 1891ರಲ್ಲಿ ಹುಟ್ಟಿದ್ದೇ ಮಹೂ ದಂಡಿನಲ್ಲಿ. ಊರಿನ ಶಾಲೆಗಳು ನಮ್ಮವರಿಗೆ ಬಾಗಿಲು ಹಾಕಿದ್ದ ಕಾಲದಲ್ಲಿ ದಂಡಿನ ಶಾಲೆಗಳು ಸಿಪಾಯಿಗಳ ಮಕ್ಕಳಿಗೆ, ಹೆಣ್ಣುಮಕ್ಕಳಿಗೂ ಸೇರಿ, ಅಕ್ಷರ ಕಲಿಸಿದವು. ಮಗನನ್ನು ನಸುಕಿನಲ್ಲೇ ಎಬ್ಬಿಸಿ ಓದಲು ಕೂರಿಸಿದ ತಂದೆಯ ಶಿಸ್ತು ಆ ದಂಡಿನಿಂದ ಬಂದದ್ದು.

ಮುಂದಿನ ವರ್ಷ, 1892ರಲ್ಲಿ, ಅದೇ ಸರ್ಕಾರ ಮಹಾರರ ಸೈನ್ಯ ಭರ್ತಿಯನ್ನೇ ನಿಲ್ಲಿಸಿಬಿಟ್ಟಿತು. ಯುದ್ಧಕುಲದವರು ಮಾತ್ರ ಸಿಪಾಯಿಗಳಾಗಬೇಕು ಎಂಬ ನೀತಿ. 1818ರಲ್ಲಿ ಕೋರೆಗಾಂವ್‌ನಲ್ಲಿ ಸತ್ತವರ ಹೆಸರು ಕಲ್ಲಿನ ಕಂಬದ ಮೇಲೆ ಇದ್ದೇ ಇತ್ತು, ಆದರೂ! ನಿವೃತ್ತ ಸೈನಿಕ ಗೋಪಾಲ್ ಬಾಬಾ ವಲಂಗಕರ್ ಇದರ ವಿರುದ್ಧ ಅರ್ಜಿ ಬರೆದರು. ಮೊದಲ ಮಹಾಯುದ್ಧದಲ್ಲಿ ಜನ ಬೇಕಾದಾಗ ಸರ್ಕಾರ ಮತ್ತೆ ಕರೆಯಿತು, ಯುದ್ಧ ಮುಗಿದ ಮೇಲೆ ಆ ದಳವನ್ನು ಮತ್ತೆ ವಿಸರ್ಜಿಸಿತು. 1941ರಲ್ಲಿ ಬಾಬಾಸಾಹೇಬರು ರಕ್ಷಣಾ ಸಲಹಾ ಸಮಿತಿಯಲ್ಲಿದ್ದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಮಹಾರ್ ರೆಜಿಮೆಂಟಿನ ಮೊದಲ ಬೆಟಾಲಿಯನ್ ನಮ್ಮ ಬೆಳಗಾವಿಯಲ್ಲೇ ರೂಪುಗೊಂಡಿತು. ನಮ್ಮ ಹುಡುಗರಿಗೆ ಬೆಳಗಾವಿಯ ಈ ಸಂಗತಿ ಗೊತ್ತಿಲ್ಲ. ತಿಳಿಸಿ.

ಅಂದರೆ ಸಮವಸ್ತ್ರ ಕೊಟ್ಟ ಮರ್ಯಾದೆಯನ್ನು ಸಮವಸ್ತ್ರ ಕೊಟ್ಟವರೇ ಕಿತ್ತುಕೊಳ್ಳಬಹುದು. ನಮ್ಮ ಬಳಗದಲ್ಲಿ ಒಬ್ಬರು ನಿವೃತ್ತ ಹವಾಲ್ದಾರರಿದ್ದಾರೆ. ಲಂಗರಿನಲ್ಲಿ ಎಲ್ಲರ ಜೊತೆ ಒಂದೇ ಸಾಲಿನಲ್ಲಿ ಕೂತು ಉಂಡವರು. ಒಮ್ಮೆ ರಜೆಗೆ ಬಂದಾಗಿನ ಮಾತು ಹೇಳಿದರು: "ಅಲ್ಲಿ ಅಷ್ಟ್ ವರ್ಷದಲ್ಲಿ ಯಾರ್ ಮಗ ಅಂತ ಒಬ್ರೂ ಕೇಳ್ನಿಲ್ಲ ಮೇಷ್ಟ್ರೇ. ಬಸ್ಸಿಂದ ಇಳ್ದು ಟೀ ಕುಡಿಯಕ್ ನಿಂತೆ ನೋಡಿ, ಕೇಳೇಬುಟ್ರು." ಟ್ರಂಕು ಹೊತ್ತುಕೊಂಡೇ ನಿಂತಿದ್ದರಂತೆ.

ಹಾಗಾದರೆ ಸೈನ್ಯದಿಂದ ನಾವು ತೆಗೆದುಕೊಳ್ಳಬೇಕಾದದ್ದು ಏನು? ನನಗೆ ಮಹಾಡ್ ನೆನಪಾಗುತ್ತದೆ. 1927ರ ಮಾರ್ಚ್ 20, ಚವದಾರ್ ಕೆರೆಯ ನೀರು ಮುಟ್ಟಿ ಬಂದವರ ಮೇಲೆ ದೊಣ್ಣೆ ಹಿಡಿದವರು ಬಿದ್ದರು. ಊಟಕ್ಕೆ ಕೂತಿದ್ದವರನ್ನೂ ಬಿಡಲಿಲ್ಲ. ನಮ್ಮ ಕಡೆ ನಿವೃತ್ತ ಸೈನಿಕರಿದ್ದರು, ಯುದ್ಧ ಕಂಡ ಕೈಗಳು. ಬಾಬಾಸಾಹೇಬರ ಬಾಯಿಂದ ಒಂದು ಮಾತು ಬಂದಿದ್ದರೆ ಸಾಕಿತ್ತು. ಅವರು ಬೇಡ ಎಂದರು. ಸೈನಿಕರು ನಿಂತರು. ಪೊಲೀಸಿಗೆ ದೂರು ಹೋಯಿತು. ಕೈಯಲ್ಲಿ ಬಲವಿದ್ದೂ ಬೇಡ ಎಂದಾಗ ನಿಲ್ಲುವುದನ್ನು ನಾನು ಶಿಸ್ತು ಎನ್ನುತ್ತೇನೆ. ಹಾಗೆ ಹೇಳಬಲ್ಲ, ಹೇಳಿದರೆ ಜನ ನಂಬುವ ಒಬ್ಬರು ಇರುವುದನ್ನು ನಾಯಕತ್ವ ಎನ್ನುತ್ತೇನೆ.

1993ರ ಮಾರ್ಚ್‌ನಲ್ಲಿ ದೇವಸ್ಥಾನದ ವಿಚಾರಕ್ಕೆ ಮೂವರನ್ನು ಕಳೆದುಕೊಂಡ ಊರು ನಮ್ಮದು. ಆಗ ನಾನು ಹೈಸ್ಕೂಲಿನಲ್ಲಿದ್ದೆ. ಆ ಸಿಟ್ಟು ಎಷ್ಟು ದೊಡ್ಡದೆಂದು ಇಲ್ಲಿ ಯಾರಿಗೂ ವಿವರಿಸಬೇಕಿಲ್ಲ. ಈಗ ಯಾರೋ ಹಾಕಿದ ಸ್ಟೇಟಸ್ ನೋಡಿ ರಾತ್ರಿ ಹನ್ನೊಂದಕ್ಕೆ ಬೈಕ್ ಹತ್ತುವ ತಮ್ಮಂದಿರು ಮಹಾಡಿನ ಆ ಸಿಪಾಯಿಗಳನ್ನು ಒಂದು ಕ್ಷಣ ನೆನೆಯಲಿ. ಬೆಳಿಗ್ಗೆ ಠಾಣೆಗೆ ಹೋಗೋಣ, ನಾನೂ ಬರುತ್ತೇನೆ.

ಇನ್ನು ಸೈನ್ಯದ ಇನ್ನೊಂದು ಕ್ರಮ, ಹಿರಿತನ. ಇದು ಸಂಘದಲ್ಲೂ ಇತ್ತು. ಅನುಪಿಯ ಎಂಬಲ್ಲಿ ಆರು ಜನ ಶಾಕ್ಯ ರಾಜಕುಮಾರರು ದೀಕ್ಷೆಗೆ ಬಂದರು: ಭದ್ದಿಯ, ಅನುರುದ್ಧ, ಆನಂದ, ಭಗು, ಕಿಂಬಿಲ, ದೇವದತ್ತ. ಜೊತೆಗೆ ಅವರ ಕ್ಷೌರಿಕ ಉಪಾಲಿ. ಸಂಘದಲ್ಲಿ ಮೊದಲು ದೀಕ್ಷೆ ಪಡೆದವನು ಹಿರಿಯ, ನಂತರ ಬಂದವನು ಅವನಿಗೆ ಎದ್ದು ಕೈಮುಗಿಯಬೇಕು. ರಾಜಕುಮಾರರೇ ಬುದ್ಧರನ್ನು ಕೇಳಿಕೊಂಡರು: ಉಪಾಲಿಗೆ ಮೊದಲು ಕೊಡಿ, ನಾವು ಅವನಿಗೆ ಕೈಮುಗಿಯುತ್ತೇವೆ, ನಮ್ಮ ಶಾಕ್ಯರ ಗರ್ವ ಇಳಿಯಲಿ. ಬುದ್ಧರು ಹಾಗೇ ಮಾಡಿದರು. ಬುದ್ಧರ ಪರಿನಿಬ್ಬಾಣದ ನಂತರ ರಾಜಗೃಹದ ಸಂಗೀತಿಯಲ್ಲಿ ವಿನಯವನ್ನು, ಎಂದರೆ ಇಡೀ ಸಂಘದ ಶಿಸ್ತನ್ನು, ಹೇಳಿದವನು ಇದೇ ಉಪಾಲಿ.

ಈಗ ನಮ್ಮ ಬಳಗಕ್ಕೆ ಬರೋಣ. ಇರುವುದು ಆರು ಕುರ್ಚಿ. ಯಾರಿಗೆ ಎಂದು ಯಾರೂ ಬರೆದಿಟ್ಟಿಲ್ಲ, ಆದರೂ ನೌಕರಿಯವರು ಬಂದರೆ ಜಾಗ ತಾನಾಗಿ ಖಾಲಿಯಾಗುತ್ತದೆ. ಅವರಿಗಿಂತ ಎಷ್ಟೋ ವರ್ಷ ಮೊದಲೇ ದೀಕ್ಷೆ ಪಡೆದು, ಮನೆಯ ದೇವರ ಪಟ ಇಳಿಸಿ, ಅತ್ತೆಯಿಂದ ಬೈಸಿಕೊಂಡ ಅಕ್ಕಂದಿರು ಬಾಗಿಲ ಹತ್ತಿರ ಚಾಪೆಯ ಮೇಲೆ ಕೂತಿರುತ್ತಾರೆ. ಓದಲು ಬಾರದು ಎಂದು ವಂದನೆಯನ್ನೂ ಹೇಳಿಸುವುದಿಲ್ಲ. ಬಾಯಿಪಾಠ ಅವರಿಗೇ ಚೆನ್ನಾಗಿ ಬರುತ್ತದೆ, ಕೇಳಿ ನೋಡಿ. ಹವಾಲ್ದಾರರು ಮೊನ್ನೆ ಸುಮ್ಮನೆ ಕೇಳಿದ್ದು ಇದನ್ನೇ: "ಇಲ್ಲಿ ಸೀನಿಯರ್ ಯಾರು ಮೇಷ್ಟ್ರೇ?"

ಈ ಭಾನುವಾರ ಬೆಳಿಗ್ಗೆ 10ಕ್ಕೆ ಸಭೆ. ಎಲ್ಲರೂ ತಾವು ದೀಕ್ಷೆ ಪಡೆದ ವರ್ಷವನ್ನು ನೆನಪು ಮಾಡಿಕೊಂಡು ಬನ್ನಿ, ಗೊತ್ತಿಲ್ಲದಿದ್ದರೆ ಮನೆಯ ಹಿರಿಯರನ್ನು ಕೇಳಿ. ತಿಸರಣ ಹೇಳಿಕೊಡುವ ಸರದಿಯನ್ನು ಆ ಪಟ್ಟಿಯ ಮೇಲೆ ಹಾಕೋಣ. ಓಡುವ ಹುಡುಗರೂ ಬರಲಿ, ಅವರ ಪ್ರಶ್ನೆಯ ಮಾತು ಇನ್ನೂ ಬಾಕಿಯಿದೆ.

ಜೈ ಭೀಮ್.